ಕಾರಿನ ಹಿಂದೆ ಪುಟ್ಟ ಮನೆ, ಮುಂದೆ ಘಟ್ಟದ ಮಳೆ: ಕ್ಯಾಂಪರ್ ಟ್ರೇಲರ್ ಪ್ರವಾಸ ಎಡವುವುದು ಎಲ್ಲಿ?

ಮೇ ತಿಂಗಳ ಕೊನೆಯ ವಾರ. ಪುಣೆಯಲ್ಲಿ ನೆಲೆಸಿರುವ ಒಂದು ಕನ್ನಡ ಕುಟುಂಬ ಗೋಕರ್ಣಕ್ಕೆ ಹೊರಟಿದೆ ಎಂದುಕೊಳ್ಳಿ. ಈ ಸಲ ಲಾಡ್ಜ್ ಹುಡುಕುವ ತಲೆನೋವಿಲ್ಲ. ಕಾರಿನ ಹಿಂದೆ ಇಬ್ಬರು ದೊಡ್ಡವರು, ಒಂದು ಮಗು ಮಲಗಬಹುದಾದ ಪುಟ್ಟ ಕ್ಯಾಂಪರ್ ಟ್ರೇಲರ್ ಇದೆ. ಬೆಳಿಗ್ಗೆ ಆರಕ್ಕೆ ಹೊರಟಾಗ ಆಕಾಶ ತಿಳಿಯಾಗಿದೆ. ಸಾತಾರಾದಲ್ಲೂ ಮೋಡವಿಲ್ಲ. ಕೊಲ್ಹಾಪುರದಲ್ಲಿ ಸೆಕೆ. ಬೆಳಗಾವಿ ದಾಟುವಾಗ ಪಶ್ಚಿಮದಲ್ಲಿ ಮೋಡ ಕಟ್ಟುತ್ತಿದೆ. ಧಾರವಾಡದ ಬಳಿ ಗಾಳಿ ಎದ್ದಿದೆ. ಯಲ್ಲಾಪುರ ತಲುಪುವ ಹೊತ್ತಿಗೆ ಗುಡುಗು, ಆಮೇಲೆ ಅರಬೈಲ್ ಘಟ್ಟದಲ್ಲಿ ಮಳೆ, ಮಂಜು, ಕತ್ತಲೆ ಮೂರೂ ಒಟ್ಟಿಗೆ.

ಇದು ದುರದೃಷ್ಟವಲ್ಲ, ಲೆಕ್ಕದ ತಪ್ಪು. ಪುಣೆಯಿಂದ ಗೋಕರ್ಣಕ್ಕೆ ಈ ದಾರಿಯಲ್ಲಿ ಸುಮಾರು 550 ಕಿ.ಮೀ. ಬರೀ ಕಾರು ಗಂಟೆಗೆ ಸರಾಸರಿ 60-65 ಕಿ.ಮೀ. ಹೋದರೆ ಮಧ್ಯಾಹ್ನ ಊಟದ ಹೊತ್ತಿಗೆಲ್ಲ ಯಲ್ಲಾಪುರದ ಸಮೀಪ ಇರುತ್ತದೆ. ಟ್ರೇಲರ್ ಎಳೆಯುವ ಕಾರಿನ ಸರಾಸರಿ ವೇಗ 45ರ ಆಸುಪಾಸಿಗೆ ಇಳಿಯುತ್ತದೆ. ಏರಿನಲ್ಲಿ ನಿಧಾನ, ಇಳಿಜಾರಿನಲ್ಲಿ ಇನ್ನೂ ನಿಧಾನ, ಚಹಾಕ್ಕೆ ನಿಂತಾಗಲೆಲ್ಲ ಕೊಕ್ಕೆ, ಸರಪಳಿ, ಚಕ್ರ ನೋಡಲು ಹತ್ತು ನಿಮಿಷ. ಹಾಗಾಗಿ ಘಟ್ಟದ ನೆತ್ತಿ ತಲುಪುವುದು ಸಂಜೆ ನಾಲ್ಕೈದು ಗಂಟೆಗೆ, ಅಂದರೆ ಮುಂಗಾರುಪೂರ್ವ ಗುಡುಗು ಮಳೆ ಸಾಮಾನ್ಯವಾಗಿ ಬೀಳುವ ಹೊತ್ತಿಗೇ. ಫೋನಿನ ಮ್ಯಾಪ್ ತೋರಿಸುವ ಸಮಯ ಕಾರಿನದು, ಟ್ರೇಲರಿನದಲ್ಲ. ಪುಟ್ಟ ಟ್ರೇಲರ್ ಪ್ರವಾಸಗಳು ಹೆಚ್ಚಾಗಿ ಎಡವುವುದು ಇಲ್ಲೇ. ಹಿಂದೆ ಇರುವುದು ಚಿಕ್ಕದಲ್ಲವೇ ಎಂದು ಕಾರಿನ ಲೆಕ್ಕದಲ್ಲೇ ದಿನವನ್ನು ಯೋಜಿಸುತ್ತಾರೆ.

ಮಳೆಗೂ ಒಂದು ಗಂಟೆ ಇದೆ

ನಮ್ಮ ಹಿರಿಯರು ಮಳೆಯನ್ನು ನಕ್ಷತ್ರದ ಹೆಸರಿನಲ್ಲಿ ಗುರುತಿಸುತ್ತಿದ್ದರು. ಏಪ್ರಿಲ್-ಮೇ ತಿಂಗಳ ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳ ಸ್ವಭಾವವೇ ಬೇರೆ, ಜೂನ್ ನಂತರದ ಮೃಗಶಿರಾ, ಆರಿದ್ರಾ ಮಳೆಗಳದ್ದೇ ಬೇರೆ. ಟ್ರೇಲರ್ ಎಳೆಯುವವರಿಗೆ ಈ ವ್ಯತ್ಯಾಸ ಇಂದಿಗೂ ಉಪಯೋಗಕ್ಕೆ ಬರುತ್ತದೆ.

ಮೊದಲ ಗುಂಪಿನ ಮಳೆ ಬಿಸಿಲಿನಿಂದ ಹುಟ್ಟುವಂಥದ್ದು. ಬೆಳಗಿನಿಂದ ಕಾದ ನೆಲದ ಮೇಲಿನ ಗಾಳಿ ತೇವ ಹೊತ್ತು ಮೇಲೇರಿ, ಮಧ್ಯಾಹ್ನದ ನಂತರ ಮೋಡವಾಗಿ, ಸಂಜೆ ಗುಡುಗು-ಸಿಡಿಲು-ಬಿರುಗಾಳಿಯೊಂದಿಗೆ ಸುರಿಯುತ್ತದೆ. ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಇಲ್ಲಿ ಟ್ರೇಲರಿಗೆ ಅಪಾಯ ನೀರಿಗಿಂತ ಗಾಳಿಯದು. ಪರಿಹಾರ ಸರಳ: ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನ ಮೂರರೊಳಗೆ ನಿಲ್ಲುವುದು.

ಎರಡನೇ ಗುಂಪಿನದು ಅರಬ್ಬಿ ಸಮುದ್ರದಿಂದ ಬರುವ ಮುಂಗಾರು. ಅದು ಗಡಿಯಾರ ನೋಡುವುದಿಲ್ಲ. ತೇವ ತುಂಬಿದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುವಾಗ ಪಶ್ಚಿಮದ ಮುಖಕ್ಕೆ ಎಲ್ಲವನ್ನೂ ಸುರಿದು, ಪೂರ್ವದ ಕಡೆಗೆ ಬರಿಗೈಯಲ್ಲಿ ಬರುತ್ತದೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,500 ಮಿ.ಮೀ.ಗೂ ಹೆಚ್ಚು ಮಳೆಯಾದರೆ, ಘಟ್ಟದ ಮರೆಯಲ್ಲಿರುವ ಪುಣೆಗೆ ಸಿಗುವುದು ಸುಮಾರು 750 ಮಿ.ಮೀ. ಪುಣೆಯ ಬಾಲ್ಕನಿಯಲ್ಲಿ ನಿಂತು ಘಟ್ಟದ ಹವೆ ಅಳೆಯಲು ಆಗದಿರುವುದು ಇದಕ್ಕೇ. ಈ ಮಳೆಯಲ್ಲಿ ಗಂಟೆ ನೋಡಿ ಹೊರಡುವುದಕ್ಕಿಂತ, ಘಟ್ಟ ದಾಟುವ ದಿನವನ್ನೇ ಮುಂದೂಡಲು ಒಂದು ದಿನ ಕೈಯಲ್ಲಿ ಇಟ್ಟುಕೊಳ್ಳುವುದು ಮುಖ್ಯ.

ಈ ಎರಡರ ನಡುವಿನ ಗೆರೆಯೂ ಪ್ರತಿವರ್ಷ ಒಂದೇ ಜಾಗದಲ್ಲಿ ಇರುವುದಿಲ್ಲ. ಮುಂಗಾರು ಕೇರಳ ತಲುಪುವ ವಾಡಿಕೆಯ ದಿನ ಜೂನ್ 1. ಆದರೆ 2025ರಲ್ಲಿ ಅದು ಮೇ 24ಕ್ಕೇ ಕೇರಳಕ್ಕೆ ಬಂದು, ಮೇ 26ಕ್ಕೆ ಮುಂಬೈ ತಲುಪಿತು. ಮುಂಬೈಗೆ ದಾಖಲೆಗಳಲ್ಲೇ ಅತಿ ಬೇಗ ಬಂದ ಮುಂಗಾರು ಅದು. ಶಾಲೆ ತೆರೆಯುವ ಮೊದಲು ಊರಿಗೆ ಹೋಗಿ ಬರೋಣ ಎಂದು ಮೇ ಕೊನೆಯ ವಾರ ಆರಿಸಿಕೊಂಡವರಿಗೆ ಆ ವರ್ಷ ಸಿಕ್ಕಿದ್ದು ಮುಂಗಾರುಪೂರ್ವ ಮಳೆಯಲ್ಲ, ನೇರವಾಗಿ ಮುಂಗಾರು.

ಹವಾಮಾನ ಇಲಾಖೆಯ ಬಣ್ಣದ ಎಚ್ಚರಿಕೆಗಳನ್ನು ಓದುವುದರಲ್ಲೂ ಒಂದು ಸೂಕ್ಷ್ಮವಿದೆ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ‘ಭಾರಿ ಮಳೆ’, 115.6 ಮಿ.ಮೀ.ನಿಂದ ‘ಅತಿ ಭಾರಿ’, 204.4 ಮಿ.ಮೀ. ಮೀರಿದರೆ ‘ಅತ್ಯಂತ ಭಾರಿ’ ಎಂಬುದು ಇಲಾಖೆಯ ಅಳತೆ. ಹಳದಿ, ಕಿತ್ತಳೆ, ಕೆಂಪು ಬಣ್ಣಗಳನ್ನು ಇಡೀ ಜಿಲ್ಲೆಗೆ ಕೊಡಲಾಗುತ್ತದೆ. ಉತ್ತರ ಕನ್ನಡದಂಥ ಜಿಲ್ಲೆಯಲ್ಲಿ ಕಾರವಾರದ ಕಡಲೂ ಇದೆ, ಯಲ್ಲಾಪುರದ ಕಾಡೂ ಇದೆ, ಬಯಲುಸೀಮೆಗೆ ಅಂಟಿಕೊಂಡ ಹಳಿಯಾಳ, ಮುಂಡಗೋಡವೂ ಇದೆ. ಹಳಿಯಾಳದಲ್ಲಿ ಬಿಸಿಲು ಕಂಡು ‘ಆರೆಂಜ್ ಅಲರ್ಟ್ ಸುಳ್ಳು’ ಎಂದು ಘಟ್ಟ ಇಳಿಯತೊಡಗಿದವರಿಗೆ ಅರ್ಧ ದಾರಿಯಲ್ಲಿ ಅದರ ಅರ್ಥ ತಿಳಿಯುತ್ತದೆ. ದಿನದ ಮುನ್ಸೂಚನೆಯ ಜೊತೆಗೆ, ಮುಂದಿನ ಮೂರು ಗಂಟೆಗೆ ಇಲಾಖೆ ಕೊಡುವ ತಕ್ಷಣದ ಮುನ್ಸೂಚನೆಯನ್ನು ಘಟ್ಟದ ಬಾಯಿಯಲ್ಲಿ ನಿಂತು ನೋಡುವುದು ಹೆಚ್ಚು ಪ್ರಯೋಜನಕಾರಿ. ಘಟ್ಟದೊಳಗೆ ಹೋದ ಮೇಲೆ ಫೋನಿಗೆ ಸಿಗ್ನಲ್ ಸಿಗುತ್ತದೆಂಬ ಖಾತರಿ ಇಲ್ಲ.

ಬಾಲ ಆಡಿಸುವ ಟ್ರೇಲರ್

600 ಕೆ.ಜಿ. ಟ್ರೇಲರ್, 1,400 ಕೆ.ಜಿ. ಕಾರು. ಟ್ರೇಲರಿಗೆ ತನ್ನದೇ ಬ್ರೇಕ್ ಇಲ್ಲದಿದ್ದರೆ ಕಾರಿನ ನಾಲ್ಕು ಚಕ್ರಗಳು 2,000 ಕೆ.ಜಿ. ನಿಲ್ಲಿಸಬೇಕು. ಒಣ ರಸ್ತೆಯಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಒದ್ದೆ ಇಳಿಜಾರಿನ ತಿರುವಿನಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಕಾರು ನಿಧಾನವಾಗುತ್ತದೆ, ಟ್ರೇಲರ್ ಮಾತ್ರ ಹಿಂದಿನಿಂದ ತಳ್ಳುತ್ತಲೇ ಇರುತ್ತದೆ. ಕೊಕ್ಕೆಯ ಬಳಿ ಮಡಚಿಕೊಂಡು ಕಾರಿನ ಹಿಂಭಾಗವನ್ನೇ ಪಕ್ಕಕ್ಕೆ ಎಸೆಯಬಹುದು.

ಇದನ್ನು ತಡೆಯುವ ದಾರಿ ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬಂದು ಎಂಜಿನ್ ಹಿಡಿತದಲ್ಲೇ ಇಳಿಯುವುದು. ಏರಿದ ಗೇರಿನಲ್ಲೇ ಇಳಿಯಬೇಕು ಎಂಬ ಲಾರಿ ಚಾಲಕರ ಹಳೆಯ ಮಾತು ಟ್ರೇಲರಿಗೂ ಸರಿಯಾಗಿ ಹೊಂದುತ್ತದೆ. ಬ್ರೇಕನ್ನು ಒತ್ತಿ ಹಿಡಿಯದೆ, ಒತ್ತಿ ಬಿಟ್ಟು ಬಳಸಬೇಕು. ಒತ್ತಿಯೇ ಇಟ್ಟರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಪುಣೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಗೆ ಇಳಿಯುವ ರಸ್ತೆಯಲ್ಲಿ ನವೆಂಬರ್ 2022ರಲ್ಲಿ ಒಂದು ಟ್ರಕ್ ಹತೋಟಿ ತಪ್ಪಿ ಸುಮಾರು 48 ವಾಹನಗಳಿಗೆ ಗುದ್ದಿದ್ದು ಅವರಿಗೆ ನೆನಪಿರುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವ ಚಾಳಿ ಆ ರಸ್ತೆಯ ಹಳೆಯ ರೋಗ. ಟ್ರೇಲರ್ ಕಟ್ಟಿಕೊಂಡವರು ನ್ಯೂಟ್ರಲ್ ಎಂಬುದೊಂದು ಇದೆ ಎಂಬುದನ್ನೇ ಇಳಿಜಾರಿನಲ್ಲಿ ಮರೆಯಬೇಕು.

ಗಾಳಿಯ ಆಟ ಬೇರೆ ಬಗೆಯದು. ಎರಡೂ ಕಡೆ ಗುಡ್ಡವಿದ್ದ ರಸ್ತೆ ಒಮ್ಮೆಲೇ ತೆರೆದ ಸೇತುವೆಗೆ ಬಂದಾಗ, ಅಥವಾ ದೊಡ್ಡ ಬಸ್ಸೊಂದು ಪಕ್ಕದಿಂದ ಹಾದುಹೋದಾಗ ಟ್ರೇಲರ್ ಬಾಲದಂತೆ ಅತ್ತಿಂದಿತ್ತ ಆಡತೊಡಗುತ್ತದೆ. ಗೋಕರ್ಣದಿಂದ ದಕ್ಷಿಣಕ್ಕೆ ಮುಂದುವರಿಯುವವರಿಗೆ ಹೊನ್ನಾವರದ ಶರಾವತಿ ಸೇತುವೆ ಇದರ ಒಳ್ಳೆಯ ಪರೀಕ್ಷೆ. ಆಗ ಕೈ ತಾನಾಗಿ ಮಾಡಲು ಹೊರಡುವ ಎರಡು ಕೆಲಸಗಳು, ಜೋರಾಗಿ ಬ್ರೇಕ್ ಒತ್ತುವುದು ಮತ್ತು ಸ್ಟೀರಿಂಗನ್ನು ಎದುರು ದಿಕ್ಕಿಗೆ ತಿರುಗಿಸುವುದು, ಎರಡೂ ತಪ್ಪು. ಸ್ಟೀರಿಂಗನ್ನು ನೇರವಾಗಿ ಬಿಗಿ ಹಿಡಿದು, ಆಕ್ಸಿಲರೇಟರಿನಿಂದ ನಿಧಾನವಾಗಿ ಕಾಲು ತೆಗೆದರೆ ವೇಗ ಇಳಿದಂತೆ ಆಟವೂ ನಿಲ್ಲುತ್ತದೆ.

ಬಾಲ ಆಡಿಸುವ ರೋಗದ ಮೂಲ ಬಹುತೇಕ ಮನೆಯಂಗಳದಲ್ಲೇ ಇರುತ್ತದೆ, ಸಾಮಾನು ತುಂಬುವಾಗ. ನೀರಿನ ಕ್ಯಾನು, ಅಕ್ಕಿ, ಗ್ಯಾಸ್ ಸಿಲಿಂಡರ್ ಎಲ್ಲವನ್ನೂ ಹಿಂದಿನ ಬಾಗಿಲಿನ ಬಳಿ ಒಟ್ಟಿದರೆ ಟ್ರೇಲರಿನ ಮೂತಿ ಹಗುರಾಗುತ್ತದೆ. ಒಟ್ಟು ತೂಕದ ಹತ್ತರಿಂದ ಹದಿನೈದು ಶೇಕಡಾ ಕೊಕ್ಕೆಯ ಮೇಲೆ ಕೂರಬೇಕೆಂಬುದು ಅಮೆರಿಕದ ಟ್ರೇಲರ್ ಬಳಕೆದಾರರ ಲೆಕ್ಕ. 600 ಕೆ.ಜಿ.ಗೆ ಅದು 60ರಿಂದ 90 ಕೆ.ಜಿ. ಆದರೆ ಕಾರಿನ ಕೊಕ್ಕೆ ಅಷ್ಟು ಹೊರಬಲ್ಲದೇ ಎಂಬುದನ್ನು ಮೊದಲು ಕೈಪಿಡಿಯಲ್ಲಿ ನೋಡಬೇಕು. ನಮ್ಮಲ್ಲಿ ಮಾರಾಟವಾಗುವ ಕೆಲವು ಕಾರುಗಳ ಕೈಪಿಡಿ ಟ್ರೇಲರ್ ಎಳೆಯುವುದೇ ಬೇಡ ಎನ್ನುತ್ತದೆ. ಅಂಥ ಕಾರಿಗೆ ಗ್ಯಾರೇಜಿನಲ್ಲಿ ಕೊಕ್ಕೆ ಬೆಸುಗೆ ಹಾಕಿಸಿಕೊಂಡರೆ ಮುಂದಿನ ಯಾವ ಎಚ್ಚರಿಕೆಯೂ ಕೆಲಸಕ್ಕೆ ಬರುವುದಿಲ್ಲ.

ಇನ್ನು ವೇಗ. ಗಂಟೆಗೆ 80 ಕಿ.ಮೀ.ನಿಂದ 60ಕ್ಕೆ ಇಳಿಸಿದರೆ ಬ್ರೇಕ್ ಹಾಕಿದ ಮೇಲೆ ನಿಲ್ಲಲು ಬೇಕಾಗುವ ದೂರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮಳೆಯಲ್ಲಿ ಇದಕ್ಕಿಂತ ಅಗ್ಗದ ಸುರಕ್ಷತೆ ಇಲ್ಲ. ಮಳೆ ಬಂದ ಕೂಡಲೇ ನಾಲ್ಕೂ ಇಂಡಿಕೇಟರ್ ಮಿಣುಕಿಸುತ್ತ ಓಡಿಸುವುದು ನಮ್ಮ ಹೆದ್ದಾರಿಗಳ ಫ್ಯಾಶನ್. ಟ್ರೇಲರ್ ಇದ್ದವರಿಗೆ ಅದು ಇನ್ನೂ ಕೆಟ್ಟದ್ದು. ಇಷ್ಟುದ್ದದ ವಾಹನ ಎತ್ತ ತಿರುಗಲಿದೆ ಎಂಬುದು ಹಿಂದಿನವರಿಗೆ ತಿಳಿಯುವುದೇ ಇಲ್ಲ. ಹೆಡ್‌ಲೈಟ್, ಟ್ರೇಲರಿನ ಹಿಂದಿನ ಕೆಂಪು ದೀಪ ಉರಿಯುತ್ತಿದ್ದರೆ ಸಾಕು. ನೀರು ಸಿಡಿದು ವೈರಿನ ಪ್ಲಗ್ಗಿನೊಳಗೆ ಸೇರಿದರೆ ಆ ಕೆಂಪು ದೀಪ ಆರಿರುತ್ತದೆ, ಚಾಲಕನಿಗೆ ಗೊತ್ತಾಗುವುದೂ ಇಲ್ಲ. ಚಹಾಕ್ಕೆ ನಿಂತಾಗ ಹಿಂದೆ ಹೋಗಿ ನೋಡಿ ಬರುವ ಅಭ್ಯಾಸ ಇದಕ್ಕೇ.

20 ಸೆಂಟಿಮೀಟರ್ ನೀರಿನ ಲೆಕ್ಕ

ರಸ್ತೆಯ ಮೇಲೆ ನೀರು ಹರಿಯುತ್ತಿದೆ, ಮುಂದಿನ ಜೀಪು ದಾಟಿ ಹೋಯಿತು, ನಾವೂ ಹೋಗೋಣ ಎನಿಸುವ ಕ್ಷಣಕ್ಕೆ ಒಂದು ಸಣ್ಣ ಲೆಕ್ಕ. ಪುಟ್ಟ ಟ್ರೇಲರ್ ಎಂದರೆ ಎಲ್ಲ ಕಡೆ ಮುಚ್ಚಿದ ಪೆಟ್ಟಿಗೆ. ಅದರ ತಳ ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ ಎಂದುಕೊಂಡರೆ ಮೂರು ಚದರ ಮೀಟರ್. ನೀರು ಆ ತಳಕ್ಕಿಂತ 20 ಸೆಂಟಿಮೀಟರ್ ಮೇಲೆ ಬಂದರೆ ಪೆಟ್ಟಿಗೆ 600 ಲೀಟರ್ ನೀರಿನ ಜಾಗ ಆಕ್ರಮಿಸುತ್ತದೆ. ಅಂದರೆ 600 ಕೆ.ಜಿ. ಟ್ರೇಲರ್ ತೇಲುವ ಹಂತಕ್ಕೆ ಬರುತ್ತದೆ. ಅಷ್ಟೂ ಬೇಕಿಲ್ಲ. ಹತ್ತು ಸೆಂಟಿಮೀಟರ್ ಬಂದರೂ ಚಕ್ರದ ಮೇಲಿನ ತೂಕ ಅರ್ಧಕ್ಕೆ ಇಳಿದು, ಪಕ್ಕದಿಂದ ನೂಕುವ ಪ್ರವಾಹ ಅದನ್ನು ರಸ್ತೆಯ ಅಂಚಿಗೆ ಎಳೆಯುತ್ತದೆ. ಟ್ರೇಲರ್ ಹೋದ ಕಡೆ ಕಾರೂ ಹೋಗುತ್ತದೆ. ಜೀಪು ದಾಟಿದ್ದು ಟ್ರೇಲರ್ ಇಲ್ಲದ್ದರಿಂದ.

ದಾಟುವುದು ಬೇಡವಾದರೆ ಹಿಂದಿರುಗಬೇಕು. ಅದೇ ಘಟ್ಟದಲ್ಲಿ ಕಷ್ಟ. ಬರೀ ಕಾರು ತಿರುಗುವ ಅಗಲದಲ್ಲಿ ಟ್ರೇಲರ್ ಕಟ್ಟಿದ ಕಾರು ತಿರುಗುವುದಿಲ್ಲ. ಹಿಂದಕ್ಕೆ ತೆಗೆದುಕೊಳ್ಳುವಾಗ ಸ್ಟೀರಿಂಗ್ ಬಲಕ್ಕೆ ತಿರುಗಿಸಿದರೆ ಟ್ರೇಲರ್ ಎಡಕ್ಕೆ ಹೋಗುತ್ತದೆ. ಇದನ್ನು ಮಳೆಯ ಘಟ್ಟದಲ್ಲಿ ಕಲಿಯಲು ಹೊರಡಬಾರದು, ಮನೆಯ ಹತ್ತಿರದ ಖಾಲಿ ಮೈದಾನದಲ್ಲಿ ಒಂದು ಭಾನುವಾರ ಸಾಕು. ಪುಟ್ಟ ಟ್ರೇಲರಿನ ಒಂದು ಲಾಭವೂ ಇಲ್ಲಿದೆ. ಸಮತಟ್ಟಾದ ಜಾಗ ಸಿಕ್ಕರೆ ಚಕ್ರಕ್ಕೆ ಅಡ್ಡ ಕೊಟ್ಟು, ಕೊಕ್ಕೆ ಬಿಚ್ಚಿ, ಕಾರನ್ನು ತಿರುಗಿಸಿದ ಮೇಲೆ ಟ್ರೇಲರನ್ನು ಇಬ್ಬರು ಮೂವರು ಕೈಯಲ್ಲೇ ತಿರುಗಿಸಬಹುದು. ಇಳಿಜಾರಿನಲ್ಲಿ ಮಾತ್ರ ಕೊಕ್ಕೆ ಬಿಚ್ಚಲೇಬಾರದು.

ಎಲ್ಲಿ ನಿಲ್ಲಬೇಕು ಎಂಬುದು ಎಷ್ಟು ದೊಡ್ಡ ಪ್ರಶ್ನೆ ಎಂಬುದನ್ನು ಅಂಕೋಲಾ ಸಮೀಪದ ಶಿರೂರು ತೋರಿಸಿದೆ. 2024ರ ಜುಲೈ 16ರಂದು ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದು, ರಸ್ತೆ ಬದಿಯ ಚಹಾ ಅಂಗಡಿ, ಅಲ್ಲಿದ್ದ ಜನ, ವಾಹನಗಳು ಗಂಗಾವಳಿ ನದಿಯವರೆಗೆ ಕೊಚ್ಚಿಹೋದವು. ಕೇರಳದ ಲಾರಿಯೊಂದು ನದಿಯಿಂದ ಮೇಲೆ ಬಂದದ್ದು ಎರಡು ತಿಂಗಳ ನಂತರ, ಸೆಪ್ಟೆಂಬರಿನಲ್ಲಿ. ಅಲ್ಲಿ ಇದ್ದವರು ಯಾರೂ ಸಾಹಸಕ್ಕೆ ಹೊರಟವರಲ್ಲ. ಮಳೆಯಲ್ಲಿ ಚಹಾ ಅಂಗಡಿಯ ಬಳಿ ನಿಲ್ಲುವುದು ಯಾರಿಗಾದರೂ ಸಹಜವೇ. ರಸ್ತೆಗಾಗಿ ಕಡಿದ ಗುಡ್ಡದ ಬುಡದಲ್ಲಿ ಹತ್ತು ನಿಮಿಷದ ವಿಶ್ರಾಂತಿಗೂ ನಿಲ್ಲಬಾರದು ಎನ್ನುವುದು ಇಂಥ ಕಾರಣಕ್ಕೆ, ರಾತ್ರಿ ಮಲಗುವ ಮಾತಂತೂ ದೂರ. ರಸ್ತೆಯ ಮೇಲೆ ಹೊಸದಾಗಿ ಬಿದ್ದ ಕಲ್ಲು, ಇಳಿಜಾರಿನಿಂದ ಒಸರುವ ಕೆಸರು ನೀರು, ವಾಲಿದ ಮರ ಕಂಡರೆ ಅಲ್ಲಿಂದ ಬೇಗ ಹೊರಡಬೇಕು.

ರಾತ್ರಿಯ ಒಳಗೆ

ಟ್ರೇಲರಿನಲ್ಲಿ ಮಲಗುವವರು ಸಿಡಿಲಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಿಡಬೇಕು. ರಬ್ಬರ್ ಟೈರ್ ಯಾರನ್ನೂ ಕಾಪಾಡುವುದಿಲ್ಲ. ಕಾರಿನಲ್ಲಿ ಕುಳಿತವರನ್ನು ಕಾಪಾಡುವುದು ಸುತ್ತಲಿನ ಲೋಹದ ಕವಚ, ಅದು ವಿದ್ಯುತ್ತನ್ನು ಹೊರಮೈಯಿಂದಲೇ ನೆಲಕ್ಕೆ ಸಾಗಿಸುತ್ತದೆ. ಫೈಬರ್ ಅಥವಾ ಪ್ಲೈವುಡ್‌ನಿಂದ ಮಾಡಿದ ಟ್ರೇಲರಿಗೆ ಆ ಕವಚವಿಲ್ಲ, ಬಟ್ಟೆಯ ಮೇಲ್ಚಾವಣಿಗೆ ಮೊದಲೇ ಇಲ್ಲ. ಮಿಂಚು ಕಂಡ ಮೇಲೆ ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಎಲ್ಲರೂ ಕಾರಿನೊಳಗೆ ಬಂದು ಗಾಜು ಏರಿಸಿ ಕೂರುವುದು ಒಳ್ಳೆಯದು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ಸುತ್ತಲಿನ ಸಿಡಿಲಿನ ಎಚ್ಚರಿಕೆ ಕೊಡುತ್ತದೆ.

ಮಳೆ ಎಂದು ಎಲ್ಲ ಕಿಟಕಿ ಮುಚ್ಚಿದರೆ ಬೆಳಿಗ್ಗೆ ಗೋಡೆಗಳಿಂದ ನೀರು ಇಳಿಯುತ್ತಿರುತ್ತದೆ. ಟ್ರೇಲರ್ ಸೋರಿತೆಂದು ತಯಾರಿಸಿದವರನ್ನು ಬೈಯುವ ಮೊದಲು ತಿಳಿಯಬೇಕಾದದ್ದು, ಅದು ಮಲಗಿದವರದ್ದೇ ಉಸಿರು. ಇಬ್ಬರು ಮಲಗಿದರೆ ಬೆಳಗಾಗುವಷ್ಟರಲ್ಲಿ ಅರ್ಧ ಲೀಟರಿನಷ್ಟು ನೀರು ಆವಿಯಾಗಿ ಸೇರುತ್ತದೆ. ಎದುರುಬದುರಾದ ಎರಡು ಕಿಟಕಿಗಳನ್ನು ಎರಡು ಬೆರಳಷ್ಟು ತೆರೆದಿಟ್ಟು, ಒದ್ದೆ ಬಟ್ಟೆಯನ್ನು ಕಾರಿನಲ್ಲಿ ಬಿಟ್ಟರೆ ಹಾಸಿಗೆ ಬೂಸಲು ಹಿಡಿಯುವುದಿಲ್ಲ. ಹಾಗೆ ತೆರೆದಿಡುವುದಕ್ಕೆ ಇನ್ನೂ ಗಂಭೀರ ಕಾರಣವಿದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಮಲಗಿ ಸತ್ತವರ ಸುದ್ದಿಯನ್ನು ದೆಹಲಿಯ ಓದುಗರು ಚಳಿಗಾಲದಲ್ಲಿ ಓದುತ್ತಲೇ ಇರುತ್ತಾರೆ. ಟ್ರೇಲರ್ ಆ ಕೋಣೆಗಿಂತಲೂ ಚಿಕ್ಕದು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಹೊಗೆಯಿಲ್ಲ. ಗ್ಯಾಸ್ ಒಲೆಯಾಗಲಿ ಇದ್ದಿಲಾಗಲಿ, ಚಳಿ ಕಾಯಿಸಲು ಟ್ರೇಲರಿನೊಳಗೆ ಹೊತ್ತಿಸಲೇಬಾರದು. ಹಿಮಾಚಲ, ಉತ್ತರಾಖಂಡದ ಕಡೆ ಹೋಗುವವರು ಹೊದಿಕೆಗೆ ಎರಡು ರಜಾಯಿ ಹೆಚ್ಚು ಒಯ್ಯಲಿ.

ದೆಹಲಿಯವರಿಗೆ ಇನ್ನೊಂದು ಮಾತು. ಹಿಮಾಲಯದ ಎತ್ತರದ ದಾರಿಗಳಲ್ಲಿ ರಸ್ತೆಗೆ ಅಡ್ಡ ಹರಿಯುವ ನಾಲಾಗಳು ಬೆಳಿಗ್ಗೆ ಸಣ್ಣಗಿದ್ದು, ಬಿಸಿಲಿಗೆ ಹಿಮ ಕರಗಿದಂತೆ ಮಧ್ಯಾಹ್ನ ಉಕ್ಕುತ್ತವೆ. ಅಲ್ಲಿಯೂ ಟ್ರೇಲರಿನ ನಿಧಾನವನ್ನು ಲೆಕ್ಕ ಹಾಕಿಯೇ ಹೊರಡಬೇಕು. ಚೆನ್ನೈನವರ ಕ್ಯಾಲೆಂಡರ್ ತಿರುಗುಮುರುಗು. ಅವರ ಊರಿನ ದೊಡ್ಡ ಮಳೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ, ಚಂಡಮಾರುತದ ಜೊತೆಗೆ. ಆ ಹೊತ್ತಿಗೆ ಮಲೆನಾಡಿನಲ್ಲಿ ಮುಂಗಾರಿನ ಅಬ್ಬರ ಇಳಿದಿರುತ್ತದೆ.

ಕಾಗದಪತ್ರದ ವಿಷಯ ಚಿಕ್ಕದಾಗಿ: ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಅಥವಾ ಟ್ರೇಲರನ್ನು ಕೇಂದ್ರ ಸರ್ಕಾರದ ಅಧಿಸೂಚನೆ ಸಾರಿಗೆಯೇತರ ವಾಹನಗಳ ಪಟ್ಟಿಯಲ್ಲಿ ಇಟ್ಟಿದೆ. ಆದರೂ ಟ್ರೇಲರಿಗೆ ಅದರದೇ ನೋಂದಣಿ, ಅದರದೇ ವಿಮೆ ಬೇಕು. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ನಂಬರ್ ಇಲ್ಲದ ಟ್ರೇಲರ್ ಅಪಘಾತವಾದ ದಿನ ಕಾರಿನ ವಿಮೆಗೂ ಸಂಚಕಾರ ತರಬಹುದು. ಮಹಾರಾಷ್ಟ್ರ, ಕೇರಳ ಎರಡೂ 2021ರಲ್ಲಿ ಕಾರವಾನ್ ಪ್ರವಾಸೋದ್ಯಮಕ್ಕೆ ನೀತಿ ತಂದಿವೆ. ಆದರೆ ರಾತ್ರಿ ನಿಲ್ಲಿಸುವ ಸುರಕ್ಷಿತ ಜಾಗಗಳು ಸುಲಭವಾಗಿ ಸಿಗುವುದಿಲ್ಲ. ಹೋಂಸ್ಟೇ ಅಂಗಳ, ಹೋಟೆಲ್ ಆವರಣ, ಮಾಲೀಕರನ್ನು ಕೇಳಿ ಪೆಟ್ರೋಲ್ ಬಂಕಿನ ಮೂಲೆ, ಸದ್ಯಕ್ಕೆ ಇವೇ ದಾರಿ. ಅರಣ್ಯ ಪ್ರದೇಶದಲ್ಲಿ ಇಲಾಖೆಯ ಅನುಮತಿ ಇಲ್ಲದೆ ತಂಗುವಂತಿಲ್ಲ.

ಹಾಗಾದರೆ ಪುಣೆಯ ಆ ಕುಟುಂಬ ಏನು ಮಾಡಬಹುದಿತ್ತು? ಮೊದಲ ದಿನದ ಗುರಿಯನ್ನು ಗೋಕರ್ಣ ಎಂದು ಇಟ್ಟುಕೊಳ್ಳದೆ ಧಾರವಾಡ ಎಂದು ಇಟ್ಟುಕೊಳ್ಳಬಹುದಿತ್ತು. ಮಧ್ಯಾಹ್ನ ಮೂರರ ಸುಮಾರಿಗೆ ತಲುಪಿ, ಪೇಡಾ ತಿಂದು, ಸಂಜೆಯ ಮಳೆಯನ್ನು ನಿಂತ ಟ್ರೇಲರಿನೊಳಗಿಂದ ನೋಡಬಹುದಿತ್ತು. ಮರುದಿನ ಬೆಳಿಗ್ಗೆ ಯಲ್ಲಾಪುರದಲ್ಲಿ ಆಕಾಶವನ್ನೂ ಫೋನನ್ನೂ ನೋಡಿ, ಎದುರಿನಿಂದ ಬಂದ ಲಾರಿಯವರನ್ನು ‘ಘಟ್ಟ ಹೇಗಿದೆ?’ ಎಂದು ಕೇಳಿ, ಹನ್ನೊಂದರೊಳಗೆ ಅಂಕೋಲಾಕ್ಕೆ ಇಳಿಯಬಹುದಿತ್ತು. ಖರ್ಚು ಒಂದು ರಜೆಯ ದಿನ.

ಮನೆಗೆ ಮರಳಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಟ್ರೇಲರಿನ ಹಾಸಿಗೆ ಹೊರಗೆ ತೆಗೆದು, ಬಾಗಿಲು ಕಿಟಕಿ ತೆರೆದು ಎರಡು ದಿನ ಒಣಗಿಸಬೇಕು. ದಾರಿಯಲ್ಲಿ ಎಲ್ಲಾದರೂ ಚಕ್ರದ ನಡುಭಾಗ ನೀರಿನಲ್ಲಿ ಮುಳುಗಿದ್ದರೆ ಬೇರಿಂಗ್ ಬಿಚ್ಚಿಸಿ ಹೊಸ ಗ್ರೀಸ್ ಹಾಕಿಸಬೇಕು. ಒಳಗೆ ಸೇರಿದ ನೀರು ಸದ್ದು ಮಾಡುವುದಿಲ್ಲ, ಮುಂದಿನ ಪ್ರವಾಸದಲ್ಲಿ ಹೆದ್ದಾರಿಯ ನಡುವೆ ಚಕ್ರ ಬಿಸಿಯಾಗಿ ಹಿಡಿದುಕೊಂಡಾಗಷ್ಟೇ ಗೊತ್ತಾಗುತ್ತದೆ.